ಸ್ಪೀಕರ್ ಬದಲಿಸೋಕೆ ಮುಂಚೆ ಕುರ್ಚಿ ಸರಿಸಿ

[ತೆರೆ ಕಪ್ಪು. 43 ಹರ್ಟ್ಸ್ ಟೋನ್, ಹತ್ತು ಸೆಕೆಂಡು.]

ಫೋನಲ್ಲಿ ನೋಡ್ತಿರೋರಿಗೆ ಈಗ ಏನೂ ಕೇಳಿಸಿರಲ್ಲ. ಇದು 43 ಹರ್ಟ್ಸ್ ಟೋನ್, ಅಂದ್ರೆ ಸೆಕೆಂಡಿಗೆ 43 ಸಲ ಕಂಪಿಸೋ ದನಿ. ಒಳ್ಳೆ ಬೇಸ್ ಇರೋ ಸ್ಪೀಕರ್ ಇದ್ರೆ ಅದರಲ್ಲಿ ಹಾಕಿ, ವಾಲ್ಯೂಮ್ ಜಾಸ್ತಿ ಬೇಡ. ನಿಮ್ಮ ಕೋಣೆ ನಾಲ್ಕು ಮೀಟರ್ ಉದ್ದ ಇದೆ ಅಂದ್ಕೊಳ್ಳಿ. ಈ ಗೋಡೆಯಿಂದ ಎದುರು ಗೋಡೆವರೆಗೆ ನಿಧಾನಕ್ಕೆ ನಡೀರಿ. ಗೋಡೆ ಹತ್ರ ಗುಂಯ್ ಅಂತ ತುಂಬಿಕೊಳ್ಳುತ್ತೆ. ನಟ್ಟನಡುವೆ ಬಂದ್ರೆ ಬಹುಪಾಲು ಮಾಯ!

ಇಷ್ಟು ದೊಡ್ಡ ವ್ಯತ್ಯಾಸ ಯಾವ ಕೇಬಲ್ಲಿಂದಲೂ ಬರಲ್ಲ. ದುಬಾರಿ ಆಂಪ್ಲಿಫೈಯರಿಂದಲೂ ಬರಲ್ಲ.

[ಗ್ರಾಫಿಕ್ಸ್: ಎರಡು ಗೋಡೆ, ನಡುವೆ ಅರ್ಧ ಅಲೆ]

ಶಬ್ದ ಗಾಳೀಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಅದನ್ನ 43ರಿಂದ ಭಾಗಿಸಿದ್ರೆ ಒಂದು ಅಲೆಯ ಉದ್ದ ಹತ್ತಿರ ಹತ್ತಿರ ಎಂಟು ಮೀಟರ್. ಅದರ ಅರ್ಧ, ನಮ್ಮ ಕೋಣೆಯ ಉದ್ದಕ್ಕೆ ಸರಿಯಾಗಿ ಕೂರುತ್ತೆ. ಹೋಗೋ ಅಲೆ, ಗೋಡೆಗೆ ಬಡಿದು ವಾಪಸ್ ಬರೋ ಅಲೆ, ಎರಡೂ ಸೇರಿ ಒಂದೇ ಜಾಗದಲ್ಲಿ ನಿಂತುಬಿಡ್ತವೆ. ಒತ್ತಡ ಗೋಡೆಗಳ ಹತ್ರ ಜಾಸ್ತಿ, ಮಧ್ಯದಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಇದಕ್ಕೆ ರೂಮ್ ಮೋಡ್ ಅಂತಾರೆ.

ನಿಮ್ಮ ಕೋಣೆಯದ್ದು ಬೇಕಾ? 343ನ್ನ ಉದ್ದದ ಎರಡರಷ್ಟರಿಂದ ಭಾಗಿಸಿ. ಮೂರು ಮೀಟರ್ ಅಗಲಕ್ಕೆ 57 ಹರ್ಟ್ಸ್. ಎತ್ತರವೂ ಮೂರೇ ಮೀಟರ್ ಇದ್ರೆ ಅದೂ 57ಕ್ಕೇ ಬಂದು ಬೀಳುತ್ತೆ, ಆ ಒಂದು ಸ್ವರ ಇನ್ನಷ್ಟು ಉಬ್ಬುತ್ತೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಇರೋ ಕೋಣೆ ಬೇಸ್ ವಿಷಯದಲ್ಲಿ ಅತಿ ಕೆಟ್ಟದ್ದು ಅನ್ನೋದು ಇದಕ್ಕೇ. ಬೇಸ್ ಗಿಟಾರ್ ಕೇಳುವಾಗ ಒಂದು ಸ್ವರ ಎದೆಗೆ ಗುದ್ದುತ್ತೆ, ಅದರ ಪಕ್ಕದ್ದು ಎಲ್ಲೋ ಅಡಗಿರುತ್ತೆ. ಬೈಗುಳ ಮಾತ್ರ ಸ್ಪೀಕರಿಗೆ.

[ಕ್ಯಾಮೆರಾ: ಗೋಡೆಗೆ ಅಂಟಿದ ಸೋಫಾ]

ಹಾಗಾಗಿ ಮೊದಲು ಸರಿಸಬೇಕಾದ್ದು ನೀವು ಕೂರೋ ಜಾಗ. ಹಿಂದಿನ ಗೋಡೆಗೆ ಅಂಟಿ ಕೂತ್ರೆ ಆ ಉದ್ದದ ಮೋಡ್‌ಗಳೆಲ್ಲ ಅಲ್ಲಿ ಗರಿಷ್ಠ. ನಟ್ಟನಡುವೆ ಕೂತ್ರೆ ಮೊದಲನೇದು, ಅಂದ್ರೆ ಆ 43 ಹರ್ಟ್ಸಿನದ್ದು, ಕಾಣೆ. ಉದ್ದದ 38 ಶೇಕಡ ಅನ್ನೋ ಒಂದು ಲೆಕ್ಕ ಚಾಲ್ತಿಯಲ್ಲಿದೆ, ನಾಲ್ಕು ಮೀಟರಿಗೆ ಗೋಡೆಯಿಂದ ಒಂದೂವರೆ ಮೀಟರ್ ಆಗುತ್ತೆ. ಅದನ್ನ ವೇದವಾಕ್ಯ ಮಾಡ್ಕೋಬೇಡಿ, ಅಲ್ಲಿಂದ ಶುರು ಮಾಡಿ ಹಿಂದೆ ಮುಂದೆ ಹೋಗಿ ಕೇಳಿ.

ಸ್ಪೀಕರಿಗೂ ಇದೇ ತೊಂದರೆ. ಅದರ ಮುಖ ತನ್ನ ಹಿಂದಿನ ಗೋಡೆಯಿಂದ ಒಂದು ಮೀಟರ್ ದೂರ ಇದ್ರೆ, ಗೋಡೆಗೆ ಬಡಿದು ಬರೋ ಶಬ್ದ 86 ಹರ್ಟ್ಸ್ ಆಸುಪಾಸಲ್ಲಿ ನೇರ ಶಬ್ದಕ್ಕೆ ತಿರುಗಿ ನಿಂತು ಅದನ್ನ ಅಳಿಸುತ್ತೆ. ಗೋಡೆ ಹತ್ರ ತಳ್ಳಿದಷ್ಟೂ ಆ ಹಳ್ಳ ಮೇಲಿನ ಸ್ವರಗಳ ಕಡೆ ಸರಿಯುತ್ತೆ.

[ಚಪ್ಪಾಳೆ. ಖಾಲಿ ಕೋಣೆಯ ಟಣಟಣ.]

ಸುಮಾರು 200, 300 ಹರ್ಟ್ಸ್ ದಾಟಿದ ಮೇಲೆ ಕಥೆ ಬೇರೆ. ಮೋಡ್‌ಗಳು ಒತ್ತೊತ್ತಾಗಿ ಸೇರಿಕೊಂಡು ಒಂದೊಂದೇ ಗೊತ್ತಾಗಲ್ಲ, ಪ್ರತಿಫಲನಗಳದ್ದೇ ಕಾರುಬಾರು. ಪಕ್ಕದ ಗೋಡೆಗೆ ಬಡಿದು ಬರೋ ಶಬ್ದ ಒಂದೂವರೆ ಮೀಟರ್ ಹೆಚ್ಚು ದಾರಿ ಸವೆಸಿದ್ರೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ತಡ. ಇಷ್ಟು ಬೇಗ ಬರೋದನ್ನ ಕಿವಿ ಪ್ರತ್ಯೇಕವಾಗಿ ಕೇಳಲ್ಲ, ಮೊದಲು ಬಂದದ್ದರ ಜೊತೆಗೇ ಸೇರಿಸಿಬಿಡುತ್ತೆ. ಹೆಲ್ಮುಟ್ ಹಾಸ್ 1949ರ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಪರೀಕ್ಷಿಸಿದ್ದು ಇದನ್ನೇ. ಪ್ರತಿಧ್ವನಿ ಅಂತ ಕೇಳದಿದ್ರೂ ದನಿಯ ಬಣ್ಣ ಬದಲಾಗುತ್ತೆ, ಹಾಡುಗಾರ ನಿಂತ ಜಾಗ ಮಸುಕಾಗುತ್ತೆ. ನೀವು ಕುರ್ಚೀಲಿ ಕೂತಿರಿ, ಇನ್ನೊಬ್ರು ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸ್ತಾ ಹೋಗ್ಲಿ. ಸ್ಪೀಕರ್ ಕಂಡ ಜಾಗಕ್ಕೆ ದಪ್ಪ ಪರದೆಯೋ ಪುಸ್ತಕದ ಕಪಾಟೋ. ಎಲ್ಲವನ್ನೂ ಹೀರಿಸಿ ಕೋಣೆಯನ್ನ ಸಾಯಿಸೋದು ನನಗಂತೂ ಸೇರಲ್ಲ, ಸ್ವಲ್ಪ ಜೀವ ಇರಲಿ.

ಶಬ್ದ ಹೀರೋಕೆ ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋ ವಿಚಾರ ಕೇಳೋರಿಗೆ ಒಂದು ಹಳೇ ಪ್ರಯೋಗ. 1895ರಲ್ಲಿ ಹಾರ್ವರ್ಡಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡೀಲಿ ಮಾತೇ ಅರ್ಥ ಆಗ್ತಿರಲಿಲ್ಲ. ವ್ಯಾಲೇಸ್ ಸಬೈನ್ ಅನ್ನೋ ಯುವ ಅಧ್ಯಾಪಕ ಸ್ಯಾಂಡರ್ಸ್ ಥಿಯೇಟರಿನ ಸೀಟು ಮೆತ್ತೆಗಳನ್ನ ರಾತ್ರಿ ಹೊತ್ತು ಅಲ್ಲಿಗೆ ತರಿಸಿ, ಆರ್ಗನ್ ಕೊಳವೆ ಊದಿಸಿ, ದನಿ ಎಷ್ಟು ಹೊತ್ತಿಗೆ ಅಡಗುತ್ತೆ ಅಂತ ಅಳೆದ. ಮೆತ್ತೆ ಹೆಚ್ಚಿದಷ್ಟೂ ದನಿ ಬೇಗ ಅಡಗಿತು. ಆದ್ರೆ ಆ ಕೊಳವೆಯ ದನಿ 512 ಹರ್ಟ್ಸ್, ಅಲೆ ಮುಕ್ಕಾಲು ಮೀಟರಿಗಿಂತ ಗಿಡ್ಡ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡೋಕೆ ಅಲೆಯ ಕಾಲು ಭಾಗದಷ್ಟು ದಪ್ಪ ಬೇಕು. 43 ಹರ್ಟ್ಸಿಗೆ ಅದು ಎರಡು ಮೀಟರ್! ತೆಳು ಫೋಮು, ಟ್ರೇ ಎಲ್ಲ ಮೇಲಿನ ಸ್ವರಗಳನ್ನಷ್ಟೇ ಕಡಿಮೆ ಮಾಡಿ, ಗುಂಯ್‌ಗುಡೋದನ್ನ ಹಾಗೇ ಬಿಡ್ತವೆ.

ಬೇರೆ ಬೇರೆ ಸ್ವರಗಳನ್ನ ಏರಿಸಿ ಇಳಿಸೋ ಈಕ್ವಲೈಜರ್? ಉಬ್ಬನ್ನ ತಗ್ಗಿಸೋಕೆ ಧಾರಾಳವಾಗಿ ಬಳಸಿ. ಹಳ್ಳ ತುಂಬಿಸೋಕೆ ಹೋಗ್ಬೇಡಿ. ನೇರ ಶಬ್ದ ಏರಿಸಿದಷ್ಟೂ ಅದನ್ನ ಅಳಿಸೋ ಶಬ್ದವೂ ಏರುತ್ತೆ, ಹತ್ತು ಡೆಸಿಬೆಲ್ ಏರಿಸೋಕೆ ಆಂಪ್ಲಿಫೈಯರ್ ಹತ್ತುಪಟ್ಟು ಶಕ್ತಿ ಕೊಡ್ಬೇಕು.

ಬೇಸ್‌ಗಂತಲೇ ಇರೋ ಸ್ಪೀಕರ್, ಅಂದ್ರೆ ಸಬ್‌ವೂಫರ್ ಇರೋರು ಅದನ್ನ ನೀವು ಕೂರೋ ಜಾಗದಲ್ಲೇ ಇಟ್ಟು, ಬೇಸ್ ಹಾಡು ಹಾಕಿ, ನೆಲದ ಮೇಲೆ ಅಂಬೆಗಾಲಲ್ಲಿ ಕೋಣೆ ಸುತ್ತಿ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳುತ್ತೋ ಸಬ್‌ವೂಫರ್ ಅಲ್ಲಿಗೆ. ಮನೆಯವರು ನಕ್ರೆ ಈ ವಿಡಿಯೋ ತೋರಿಸಿ.