ಶೆಡ್ಡು ಕಿತ್ತ ಮೇಲೆ ಮಗುವಿನ ಶಾಲೆ ಎಲ್ಲಿ?

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಬಿ.ಎಡ್. ಮುಗಿಸಿ ಇನ್ನೇನು ಶಾಲೆಗಳಿಗೆ ಹೋಗುವವರು. ಅದಕ್ಕೇ ಬೆಂಗಳೂರಿನಲ್ಲಿ ಮನೆಯಿಲ್ಲದೆ ಬೆಳೆಯುವ ಮಕ್ಕಳ ಬಗ್ಗೆ ನಿಮ್ಮ ಹತ್ತಿರವೇ ಮಾತಾಡಬೇಕು ಅನ್ನಿಸಿತು. ಹಸಿವು, ಕಾಯಿಲೆ, ಹರಿದ ಬಟ್ಟೆ ಎಲ್ಲ ನಮ್ಮ ಕಣ್ಣಿಗೆ ಬೀಳುತ್ತವೆ. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ನಡೆಯುವ ಟೆಂಟ್ ಶಾಲೆಯಲ್ಲಿ ಪಾಠ ಮಾಡುತ್ತಾ ನಾನು ಕಂಡ ದೊಡ್ಡ ಕಷ್ಟ ಮಾತ್ರ ಅಷ್ಟು ಸುಲಭವಾಗಿ ಕಾಣಿಸುವುದಿಲ್ಲ. ಅದು ಎತ್ತಂಗಡಿ. ಗೆಳತಿಯರು ಸಿಕ್ಕಿ, ಟೀಚರ್ ಹೆಸರು ಬಾಯಿಗೆ ಬರುವಷ್ಟರಲ್ಲಿ ಮತ್ತೆ ಗಂಟುಮೂಟೆ ಕಟ್ಟಬೇಕು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಮಳೆ ನಂಬಿದ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೂಲಿ ಸಿಗುವುದು ಕಷ್ಟ. ಮೇಸ್ತ್ರಿ ಮುಂಗಡ ಕೊಡುತ್ತಾನೆ. ಗಂಡ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಳೆ ಹೊರಡುತ್ತಾರೆ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಹಾಗೇ ಇರುತ್ತದೆ. ಮಗು ವೈಟ್‌ಫೀಲ್ಡ್ ಕಡೆ ಯಾವುದೋ ಸೈಟಿನಲ್ಲಿ, ನೀಲಿ ಟಾರ್ಪಾಲಿನ ಶೆಡ್ಡಿನಲ್ಲಿರುತ್ತದೆ.

ಆ ಶೆಡ್ಡಿಗೆ ನಡು ಬಗ್ಗಿಸಿಯೇ ಹೋಗಬೇಕು. ಮಧ್ಯಾಹ್ನ ಒಳಗೆ ಕೂರೋಕೆ ಆಗಲ್ಲ, ಅಷ್ಟು ಸೆಕೆ. ಟ್ಯಾಂಕರ್ ಬಂದಾಗ ಡ್ರಮ್ಮು ತುಂಬಿಸಿಕೊಳ್ಳಬೇಕು. ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಬೇಕು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಎಂಟೊಂಬತ್ತು ವರ್ಷದ ಹುಡುಗಿಯೇ ಮನೆ ನೋಡಿಕೊಳ್ಳುವವಳು, ಸೊಂಟದ ಮೇಲೆ ತಮ್ಮ. ನನ್ನ ತರಗತಿಯ ಒಬ್ಬಳು ಪುಸ್ತಕಗಳನ್ನು ಖಾಲಿ ಸಿಮೆಂಟ್ ಚೀಲದಲ್ಲಿ ಸುತ್ತಿ ಶೆಡ್ಡಿನ ಕಂಬಕ್ಕೆ ನೇತುಹಾಕುತ್ತಿದ್ದಳು. ನೆಲದ ಮೇಲಿಟ್ಟರೆ ಮಳೆ ನೀರು, ಜೊತೆಗೆ ಇಲಿ ಕಾಟ.

ಒಂದು ದಿನ ಗೆಳತಿಗೆ ಪತ್ರ ಬರೆಯುವ ಪಾಠ ಮಾಡುತ್ತಿದ್ದೆ. 'ಇಂದ' ಅಂತ ಬರೆದು ಅವಳು ನಿಂತುಬಿಟ್ಟಳು. 'ಅಕ್ಕೋರೆ, ನಮ್ದು ವಿಳಾಸ ಏನಂತ ಬರೀಲ್ರೀ?' ಅಂದಳು. ನಾನು ಬಾಯಿ ತೆಗೆಯುವ ಮೊದಲೇ ಹೊರಗೆ ಹೋಗಿ, ಎದುರಿನ ಜಾಹೀರಾತು ಬೋರ್ಡು ನೋಡಿಕೊಂಡು ಬಂದಳು. ಅಪ್ಪ ಅಮ್ಮ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಹೆಸರನ್ನೇ ಬರೆದಳು, ಅದರ ಪಕ್ಕದಲ್ಲಿದ್ದ '3 ಬಿಎಚ್‌ಕೆ'ಯನ್ನೂ ಬಿಡಲಿಲ್ಲ. ಅಕ್ಷರ ಎಷ್ಟು ದುಂಡಗಿತ್ತು ಅಂತೀರಿ! ಸ್ಲ್ಯಾಬು, ಗಾರೆ ಕೆಲಸ ಮುಗಿದು ಟೈಲ್ಸಿನವರು ಬಂದ ಮೇಲೆ ಅವಳ ಅಪ್ಪ ಅಮ್ಮನ ತಂಡಕ್ಕೆ ಅಲ್ಲಿ ಕೆಲಸ ಉಳಿಯಲಿಲ್ಲ. ಪರೀಕ್ಷೆ ಅಂತಲೂ ಇಲ್ಲ, ಬೀಳ್ಕೊಡುಗೆ ಅಂತಲೂ ಇಲ್ಲ. ದೇವನಹಳ್ಳಿ ಕಡೆ ಹೋದರು ಅಂತ ಅಕ್ಕಪಕ್ಕದವರು ಹೇಳಿದರು.

2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಇತ್ತು. ಸೈಟಿನಲ್ಲೋ ಅದರ ಹತ್ತಿರವೋ ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಬೇರೆ ಜಾಗ ಇರಬೇಕು ಅಂತ ಅದು ಹೇಳುತ್ತಿತ್ತು. ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ ಚಿಕ್ಕ ಮಕ್ಕಳಿಗೆ ಕೂಸಿನ ಮನೆ ಬೇಕಿತ್ತು. ಒಳ್ಳೆಯ ಮಾತುಗಳೇ. ಅದೇ ಕಾಯ್ದೆ, ಕೆಲಸ ಮುಗಿದ ಮೇಲೆ ಆ ವಸತಿಯನ್ನು ಬೇಗ ತೆಗೆಸಬೇಕು ಅಂತಲೂ ಹೇಳುತ್ತಿತ್ತು. ಅಲ್ಲಿದ್ದ ಮಗುವಿನ ಶಾಲೆಯ ವರ್ಷ ಮುಗಿದಿದೆಯಾ ಅಂತ ಕೇಳುವ ಸಾಲು ಅಲ್ಲಿರಲಿಲ್ಲ. ಕಟ್ಟಡ ಮುಗಿಯುವ ತಿಂಗಳಿಗೂ ಶಾಲೆ ಮುಗಿಯುವ ತಿಂಗಳಿಗೂ ತಾಳಮೇಳ ಇಲ್ಲ.

ಬೆಂಗಳೂರಲ್ಲೇ ನೆಲೆಸಿದವರ ಪಾಡೂ ಇದೇ. ಈಜಿಪುರದ ಬಡವರ ವಸತಿಗಳನ್ನು 2013ರ ಜನವರಿಯಲ್ಲಿ ಕೆಡವಿದರು. ಸುಮಾರು 1,500 ಕುಟುಂಬಗಳು ಬೀದಿಗೆ ಬಂದವು, ಎಷ್ಟೋ ಜನ ಅದೇ ಜಾಗದ ಸುತ್ತಲಿನ ಫುಟ್‌ಪಾತಿನಲ್ಲಿ ಉಳಿದರು. ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು ಕೆಡವಿದ್ದು 2020ರಲ್ಲಿ, ಅದೂ ಜನವರಿಯಲ್ಲೇ. ಅಲ್ಲಿದ್ದವರು ಬಾಂಗ್ಲಾದೇಶದವರು ಅಂತ ಸುದ್ದಿ ಹಬ್ಬಿಸಿದ್ದರು. ಗುರುತಿನ ಚೀಟಿ ತೋರಿಸಿದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಜನವರಿ ಅಂದರೆ ಪರೀಕ್ಷೆಗೆ ಇನ್ನೆರಡು ತಿಂಗಳು ಅಷ್ಟೇ, ಅಲ್ವಾ? ಪುಸ್ತಕ, ಯೂನಿಫಾರ್ಮು ಅವಶೇಷದ ಕೆಳಗೆ ಹೋದ ಮಗು ಯಾವ ಪರೀಕ್ಷೆ ಬರೆದೀತು?

ಮುಂಬೈ ಫುಟ್‌ಪಾತಿನ ಜನರ ಕೇಸು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹೊಟ್ಟೆಪಾಡಿನ ಹಕ್ಕು ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರವು ಮಾಡಲು ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಮಳೆಗಾಲದಲ್ಲಿ ಬೇಡ, ಅಕ್ಟೋಬರ್ 31ರವರೆಗೆ ಕಾಯಿರಿ ಅಂದಿತು. ಮಳೆಗೆ ಕಾಯಬಹುದಾದರೆ ಪರೀಕ್ಷೆಗೆ ಯಾಕೆ ಕಾಯಬಾರದು? ಶಾಲಾ ವರ್ಷದ ನಡುವೆ ಮಕ್ಕಳಿರುವ ಯಾವ ಮನೆಯನ್ನೂ, ಅದು ಶೆಡ್ಡೇ ಆಗಿರಲಿ, ಕೀಳಬಾರದು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಕೇಳುತ್ತೇನೆ.

2011ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು 17.7 ಲಕ್ಷ ಜನರಿಗೆ ಮನೆ ಇರಲಿಲ್ಲ. ಫುಟ್‌ಪಾತು, ಫ್ಲೈಓವರ್ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ದೊಡ್ಡ ಸಿಮೆಂಟ್ ಪೈಪುಗಳ ಒಳಗೆ ಇರುವವರ ಲೆಕ್ಕ ಅದು. ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ಜಾಗ ಬದಲಿಸುತ್ತಲೇ ಇರುವವರು ಒಂದು ರಾತ್ರಿಯಲ್ಲಿ ಎಷ್ಟು ಜನ ಸಿಕ್ಕಾರು ಅಂತ ನೀವೇ ಯೋಚಿಸಿ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ನವೆಂಬರಿನಲ್ಲೋ ಜನವರಿಯಲ್ಲೋ ಒಬ್ಬ ತಾಯಿ ಮಗುವಿನ ಕೈ ಹಿಡಿದು ನಿಮ್ಮ ಶಾಲೆಯ ಬಾಗಿಲಿಗೆ ಬರುತ್ತಾಳೆ. ಸೀರೆ ಮೇಲೆ ಸಿಮೆಂಟ್ ಧೂಳು ಇರುತ್ತದೆ. ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ. 'ಟಿಸಿ ತಂದಿದೀರಾ? ಜನನ ಪ್ರಮಾಣಪತ್ರ ಎಲ್ಲಿ? ಜೂನ್‌ನಲ್ಲಿ ಬನ್ನಿ' ಅಂತ ಯಾರಾದರೂ ಅಂದರೆ ಅವಳು ಮತ್ತೆ ಬರುವುದಿಲ್ಲ. ಜೂನ್‌ಗೆ ಅವಳು ಎಲ್ಲಿರುತ್ತಾಳೋ ಅವಳಿಗೇ ಗೊತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೇ ಇರುವಂತಿಲ್ಲ. ಟಿಸಿ ತಡವಾಯಿತು ಅಂತ ಕಾಯಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ತಪ್ಪಿಹೋದ ಪಾಠಕ್ಕೆ ಬೇರೆಯಾಗಿ ತರಬೇತಿ ಕೊಡಬೇಕು. ಹೆಡ್‌ಮಾಸ್ತರರು ಹಿಂದೆಮುಂದೆ ನೋಡಿದರೆ ಕಾಯ್ದೆಯ 4, 5, 14ನೇ ಸೆಕ್ಷನ್ ತೆಗೆದು ಓದಿ ತೋರಿಸಿ.

ಇನ್ನೊಂದು ಸಣ್ಣ ಕೆಲಸ ಇದೆ. ನಮ್ಮ ರಾಜ್ಯದಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಆ ಮಗುವಿನ ಗುರುತಿನ ಸಂಖ್ಯೆ, ಇರುತ್ತದೆ. ಅದು ಶಾಲೆಯ ಕಂಪ್ಯೂಟರಿನಲ್ಲೇ ಉಳಿದರೆ ಆ ತಾಯಿಗೆ ಏನೂ ಉಪಯೋಗವಿಲ್ಲ. ಮಗುವಿನ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಡಿ. ಅಪ್ಪನದೋ ಅಮ್ಮನದೋ ಮೊಬೈಲಿನಲ್ಲಿ ಆ ಹಾಳೆಯ ಫೋಟೋ ತೆಗೆಸಿ. ಹೊಸ ಶಾಲೆಯಲ್ಲಿ ತೋರಿಸಿ ಅಂತ ಹೇಳಿ ಕಳಿಸಿ. ಇದನ್ನು ಸೇರಿಸಿಕೊಂಡ ಮೊದಲ ದಿನವೇ ಮಾಡಿ. ಹೊರಡುವ ದಿನ ಅವರು ನಿಮಗೆ ಹೇಳಿ ಹೊರಡುವುದಿಲ್ಲ, ಲಾರಿ ಬಂದ ಗಳಿಗೆಗೆ ಹತ್ತುತ್ತಾರೆ.