ಪೂಜೆಯ ತಟ್ಟೆ ಮತ್ತು ಪಾಠದ ಕೋಣೆ

ಸಭಿಕರೇ,

ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ 5 ಸರ್ಕಾರಿ ಹೈಸ್ಕೂಲುಗಳಿಗೆ ಪಾಠವಾಗಿ ಬಂತು. ಐಚ್ಛಿಕ ವಿಷಯ, ಬೇಕಾದವರು ತೆಗೆದುಕೊಳ್ಳಬಹುದು. ಆದರೆ ಧ್ಯಾನದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುವ ಮಂತ್ರ ಸಿಗಬೇಕಾದರೆ ಭಾನುವಾರ ಶಾಲೆಯ ಹೊರಗೆ ನಡೆಯುವ ಪೂಜೆಗೆ ಹೋಗಲೇಬೇಕು. ಹಣ್ಣು, ಹೂವು, ಬಿಳಿ ಕರವಸ್ತ್ರ ತರಬೇಕು. ಎದುರಿಗೆ ‘ಗುರುದೇವ್’, ಅಂದರೆ ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿಯವರ ಚಿತ್ರ. ವಿದ್ಯಾರ್ಥಿ ಏನನ್ನೂ ಹೇಳಬೇಕಿಲ್ಲ. ಸಂಸ್ಕೃತದಲ್ಲಿ ಹೇಳುವವರು ಶಿಕ್ಷಕರು.

ಹೇಳುವುದೇನು? ‘ನಾರಾಯಣಂ ಪದ್ಮಭವಂ ವಸಿಷ್ಠಂ’. ಶೃಂಗೇರಿಯ ಒಡನಾಟವಿದ್ದವರಿಗೆ ಕೇಳಿ ಗೊತ್ತಿರುವ ಶ್ಲೋಕವೇ. ವ್ಯಾಸ, ಶುಕ, ಗೌಡಪಾದರನ್ನು ನೆನೆದು ಶಂಕರರಿಗೂ ಅವರ ನಾಲ್ವರು ಶಿಷ್ಯರಿಗೂ ಬಂದು ಸೇರುವ ಗುರುಪರಂಪರೆ. ಆಮೇಲೆ ಆವಾಹನ, ಆಸನ, ಸ್ನಾನ, ವಸ್ತ್ರ, ಗಂಧ, ಅಕ್ಷತೆ, ಧೂಪ, ದೀಪ, ತಾಂಬೂಲ. ಮನೆಯಲ್ಲಿ ಷೋಡಶೋಪಚಾರ ಕಂಡವರಿಗೆ ಇದರ ಗುರುತು ಹತ್ತದೇ ಇರುತ್ತದೆಯೇ? ಪಾಠದ ವಿರುದ್ಧ ದಾವೆ ಬಿದ್ದಾಗ, ಇದು ಬರೀ ಕೃತಜ್ಞತೆಯ ಕ್ರಮ ಎಂದು ಮಹರ್ಷಿಯವರ ಸಂಘಟನೆ ವಾದಿಸಿತು. 1977ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, 1979ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಪೂಜೆಯ ಜೊತೆಗೆ, ‘ಸೃಜನಶೀಲ ಬುದ್ಧಿ’ ಎಂದು ಪಠ್ಯಪುಸ್ತಕ ಕರೆದ ಅನಂತ ತತ್ತ್ವವನ್ನೂ ಅವು ಪರಿಶೀಲಿಸಿದ್ದವು.

ಒಂದು ವಿಷಯ ಗಮನಿಸಿ. ಸರ್ಕಾರ ಧರ್ಮಕ್ಕೆ ಆಸರೆಯಾಗಬಾರದು ಎಂಬ ಅಲ್ಲಿನ ನಿಯಮ ಮುರಿಯಲು ಬಲವಂತ ನಡೆದಿರಲೇಬೇಕೆಂದಿಲ್ಲ. ಅದಕ್ಕೇ ‘ಐಚ್ಛಿಕ’ ಎಂಬ ಉತ್ತರ ನಿಲ್ಲಲಿಲ್ಲ. ಧಾರ್ಮಿಕವೇ ಎಂಬುದು ಒಂದು ಪ್ರಶ್ನೆ, ಒತ್ತಾಯವೇ ಎಂಬುದು ಇನ್ನೊಂದು. ಎರಡನ್ನೂ ಕಲಸಿದಲ್ಲೇ ಚರ್ಚೆ ಹಳ್ಳ ಹಿಡಿಯುವುದು.

ಕ್ಯಾಲಿಫೋರ್ನಿಯದ ಎನ್ಸಿನಿಟಾಸ್ ಶಾಲೆಗಳಲ್ಲಿ ಬೇರೆಯೇ ಆಯಿತು. ಅಲ್ಲಿಗೆ ಹೋದದ್ದು ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ, ಅವರ ಹೆಸರಿನ ಪ್ರತಿಷ್ಠಾನದ ಹಣದಲ್ಲಿ. ಪೋಷಕರು ತಕರಾರು ತೆಗೆದ ಮೇಲೆ ಸಂಸ್ಕೃತ ಹೆಸರುಗಳು ಹೋದವು, ಅಷ್ಟಾಂಗದ ಭಿತ್ತಿಪತ್ರ ಇಳಿಯಿತು, ಪದ್ಮಾಸನ ‘ಕ್ರಿಸ್‌ಕ್ರಾಸ್ ಆ್ಯಪಲ್‌ಸಾಸ್’ ಆಯಿತು. ಬೇಡವೆಂದವರಿಗೆ ವಿನಾಯಿತಿ ಇತ್ತು. ಇದು ಧಾರ್ಮಿಕವಲ್ಲ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ಯೋಗವನ್ನು ಜೋಯಿಸರು ತಮ್ಮದೆನ್ನುತ್ತಿದ್ದರೇ ಎಂಬುದು ಬೇರೆ ಮಾತು!

ಒತ್ತಾಯದ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು ಶಿಕಾಗೋದಲ್ಲಿ. ‘ಕ್ವೈಟ್ ಟೈಮ್’ ಎಂಬ ಹೆಸರಲ್ಲಿ ಭಾವಾತೀತ ಧ್ಯಾನವೇ, ಶಾಲೆಯ ವೇಳೆಯಲ್ಲೇ, ದಿನಕ್ಕೆ 2 ಬಾರಿ 15 ನಿಮಿಷ. ಪೂಜೆಯ ಅರ್ಥ ತಿಳಿಸಲಿಲ್ಲ, ಮಂತ್ರವನ್ನು ಯಾರಿಗೂ ಹೇಳಬೇಡಿ ಎಂದರು ಎಂಬುದು ದಾವೆ ಹೂಡಿದ ವಿದ್ಯಾರ್ಥಿಗಳ ದೂರು. ರಾಜಿಯಲ್ಲಿ ಮುಗಿಯಿತು. ಇಡೀ ತರಗತಿ ಕಣ್ಣು ಮುಚ್ಚಿ ಕೂತಾಗ ಒಬ್ಬಳೇ ಹುಡುಗಿ ಕಣ್ಣು ಬಿಟ್ಟು ಕೂರುವುದು ಎಷ್ಟು ಕಷ್ಟ ಎಂದು ಶಿಕ್ಷಕರಾಗಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಮಕ್ಕಳನ್ನು ಕೂರಿಸಲು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರದಲ್ಲಿ ‘ಒತ್ತಡ ನಿವಾರಣೆ’ ಎಂದಷ್ಟೇ ಬರೆದರೆ ಸಾಲದು. ಪೂಜೆ ಇದೆ, ಚಿತ್ರದ ಮುಂದೆ ಹಣ್ಣು ಹೂವು ಇಡುತ್ತಾರೆ, ಮಂತ್ರ ಗುಟ್ಟಾಗಿರುತ್ತದೆ ಎಂದು ಕನ್ನಡದಲ್ಲೇ ಬರೆದಿರಬೇಕು.