ತೊಟ್ಟಿಯಲ್ಲಿ ಸುತ್ತಿಟ್ಟ ಹಗ್ಗ

ನಾನು ನೋಡಲು ಹೋದದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಸೀಪೋರ್ಟ್ ಸಂಗ್ರಹಾಲಯದಲ್ಲಿರುವ ‘ಚಾರ್ಲ್ಸ್ ಡಬ್ಲ್ಯು. ಮಾರ್ಗನ್’ ಹಡಗು. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದು, 1921ರವರೆಗೆ 37 ಯಾನಗಳನ್ನು ಮುಗಿಸಿದ ಇದು, ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಅಮೆರಿಕದ ಮರದ ಹಾಯಿಹಡಗುಗಳಲ್ಲಿ ಉಳಿದಿರುವ ಒಂದೇ ಒಂದು. ಬಂದವರೆಲ್ಲ ಕತ್ತೆತ್ತಿ ಹಾಯಿಮರಗಳ ಫೋಟೊ ತೆಗೆಯುತ್ತಾರೆ, ನಾನೂ ತೆಗೆದೆ. ಆದರೆ ಬೇಟೆ ನಡೆಯುತ್ತಿದ್ದುದು ಹಡಗಿನಿಂದಲ್ಲ, ಅದರ ಪಕ್ಕಕ್ಕೆ ತೂಗುಹಾಕುತ್ತಿದ್ದ, ಸುಮಾರು 30 ಅಡಿ ಉದ್ದದ, ಎರಡೂ ತುದಿ ಚೂಪಾದ ದೋಣಿಗಳಿಂದ.

ಒಂದು ದೋಣಿಗೆ ಆರು ಜನ. ಯಾರಿಗೂ ಸಂಬಳವಿಲ್ಲ, ಮೂರು ನಾಲ್ಕು ವರ್ಷಗಳ ಯಾನ ಮುಗಿದ ಮೇಲೆ ತಿಮಿಂಗಿಲದ ಎಣ್ಣೆ ಮಾರಿದ ಹಣದಲ್ಲಿ ಪಾಲು ಮಾತ್ರ. ಹೊಸಬನ ಪಾಲು ನೂರೈವತ್ತರಲ್ಲಿ ಒಂದಕ್ಕಿಂತಲೂ ಕಡಿಮೆಯಾಗಬಹುದಿತ್ತು. ಹುಟ್ಟು ಹಾಕುವ ಐವರ ಬೆನ್ನು ತಿಮಿಂಗಿಲದ ಕಡೆಗಿರುತ್ತಿದ್ದುದರಿಂದ, ತಾವು ಎಷ್ಟು ಹತ್ತಿರ ಬಂದೆವೆಂಬುದನ್ನು ಹಿಂತುದಿಯಲ್ಲಿ ನಿಂತ ಮೇಟ್‌ನ, ಅಂದರೆ ದೋಣಿ ನಡೆಸುವ ಅಧಿಕಾರಿಯ, ಮುಖ ನೋಡಿಯೇ ಊಹಿಸಬೇಕಿತ್ತು. ಮುಂತುದಿಯವನು ಎದ್ದು ಎಸೆಯುತ್ತಿದ್ದ, ಹಗ್ಗ ಕಟ್ಟಿದ ಈಟಿಯಾದ ಹಾರ್ಪೂನ್, ನಾವಂದುಕೊಳ್ಳುವಂತೆ ಕೊಲ್ಲುವ ಆಯುಧವಲ್ಲ, ಗಾಳದ ಹಾಗೆ ಕಚ್ಚಿಕೊಳ್ಳುವ ಸಾಧನ. ಮಾಂಸದೊಳಗೆ ಹೊಕ್ಕ ಮೇಲೆ ಅಡ್ಡ ತಿರುಗಿ ನಿಲ್ಲುವ ಮೊನೆಯನ್ನು 1848ರಲ್ಲಿ ರೂಪಿಸಿದವನು ನ್ಯೂ ಬೆಡ್‌ಫರ್ಡ್‌ನ ಕಪ್ಪು ಕಮ್ಮಾರ ಲೂಯಿಸ್ ಟೆಂಪಲ್; ಆತ ಪೇಟೆಂಟ್ ಪಡೆಯಲಿಲ್ಲ, ಉಳಿದ ಕಮ್ಮಾರರು ಅದನ್ನೇ ಬಡಿದು ಮಾರಿದರು.

ನನ್ನ ಕಣ್ಣು ನೆಟ್ಟದ್ದು ಮಾತ್ರ ಆ ಹಗ್ಗದ ಮೇಲೆ. ಸುಮಾರು 300 ಮಾರು, ಅಂದರೆ 1800 ಅಡಿ ಹಗ್ಗವನ್ನು ಎಲ್ಲೂ ಸಿಕ್ಕಾಗದಂತೆ ಮರದ ತೊಟ್ಟಿಯಲ್ಲಿ ಸುರುಳಿ ಸುತ್ತಿಡುತ್ತಿದ್ದರು. ಅದು ತೊಟ್ಟಿಯಿಂದ ಹಿಂತುದಿಯ ಗೂಟಕ್ಕೆ ಹೋಗಿ, ಅಲ್ಲಿ ಸುತ್ತು ಹಾಕಿಕೊಂಡು, ಕುಳಿತವರ ನಡುವೆಯೇ ಹಾದು ಮುಂತುದಿಯ ಸೀಳಿನಿಂದ ಕಡಲಿಗಿಳಿಯುತ್ತಿತ್ತು. ಪೆಟ್ಟು ತಿಂದ ತಿಮಿಂಗಿಲ ಆಳಕ್ಕಿಳಿದಾಗ ಗೂಟದಿಂದ ಹೊಗೆಯೇಳುತ್ತಿತ್ತು, ಹಗ್ಗ ಸುಡದಂತೆ ನೀರು ಹೊಯ್ಯುತ್ತಿದ್ದರು. ಅದೇ ಹೊತ್ತಿಗೆ ಭರ್ಜಿಯಿಂದ ಕೊಲ್ಲುವ ಹಕ್ಕು ಮೇಟ್‌ನದೆಂದು, ಆತನೂ ಹಾರ್ಪೂನ್ ಎಸೆದವನೂ ಓಲಾಡುವ ದೋಣಿಯಲ್ಲಿ ಜಾಗ ಬದಲಿಸುತ್ತಿದ್ದರು. ದೊಡ್ಡಸ್ತಿಕೆಯಲ್ಲದೆ ಇದಕ್ಕೆ ಬೇರೆ ಕಾರಣ ನನಗಂತೂ ಹೊಳೆಯುತ್ತಿಲ್ಲ.

ಓಡುವ ಹಗ್ಗ ಕೈಗೋ ಕಾಲಿಗೋ ಸುತ್ತಿಕೊಂಡರೆ ಆ ಮನುಷ್ಯ ಕಣ್ಣುಮಿಟುಕಿಸುವಷ್ಟರಲ್ಲಿ ನೀರಿನಡಿಗೆ ಹೋದಂತೆ. ಅದಕ್ಕಾಗಿಯೇ ಮುಂತುದಿಯಲ್ಲೊಂದು ಸಣ್ಣ ಕೊಡಲಿ ಕೈಗೆಟಕುವಂತಿರುತ್ತಿತ್ತು. ಅದನ್ನು ಬೀಸಿದರೆ ತಿಮಿಂಗಿಲವೂ ಹೋಯಿತು, ಹಗ್ಗವೂ ಹೋಯಿತು, ಆ ದಿನದ ಮಟ್ಟಿಗೆ ಎಲ್ಲರ ಪಾಲೂ ಹೋಯಿತು.